ಅತ್ತೆ ಕಿಡ್ನಿ ಕೊಡುತ್ತಿದ್ದಾರೆ, ಮನೆಯವರಿಗೆ ಕಸಿ. ಹಳ್ಳಿ ಮನೆಯನ್ನು ಹೇಗೆ ಸಿದ್ಧ ಮಾಡಲಿ?

ಮಲೆನಾಡ ಮಳೆ | ಆಗಸ್ಟ್ 9

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರದ ಒಂದು ಹಳ್ಳಿ ನಮ್ಮದು. ಅಡಿಕೆ ತೋಟ, ಹಳೇ ಹಂಚಿನ ಮನೆ, ಕೊಟ್ಟಿಗೆಯಲ್ಲಿ ಮೂರು ದನ. ನಮ್ಮ ಮನೆಯವರಿಗೆ 43 ವರ್ಷ. ಎರಡೂವರೆ ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಈಗ ಅತ್ತೆ ಕಿಡ್ನಿ ಕೊಡುತ್ತಿದ್ದಾರೆ. ಟೆಸ್ಟ್, ಕಾಗದಪತ್ರ, ಕಸಿಗೆ ಒಪ್ಪಿಗೆ ಕೊಡುವ ಕಮಿಟಿ ಮುಂದೆ ಹೇಳಿಕೆ ಎಲ್ಲಾ ಮುಗಿಯಿತು. ಸೆಪ್ಟೆಂಬರ್ ಎರಡನೇ ವಾರ ಬೆಂಗಳೂರಿನಲ್ಲಿ ಆಪರೇಷನ್.

ಇಷ್ಟು ದಿನ ಕಸಿ ಅಂದರೆ ನಮಗೆ ಜಾಯಿಕಾಯಿ ಗಿಡ. ಈಗ ದಿನಾ ರಾತ್ರಿ ಅದೇ ಯೋಚನೆ. ಆಸ್ಪತ್ರೆಯವರು ಒಂದು ಪುಸ್ತಕ ಕೊಟ್ಟಿದ್ದಾರೆ. "ಸ್ವಚ್ಛ ವಾತಾವರಣದಲ್ಲಿರಿ" ಅಂತ ಅದರಲ್ಲಿದೆ. ಕೊಟ್ಟಿಗೆ ಇರುವ ಮನೆಯಲ್ಲಿ ಹಾಗಂದರೆ ಏನು ಅಂತ ಬರೆದಿಲ್ಲ. ಅವರಿಗೆ ಯಾವ ಕೋಣೆ ಕೊಡಲಿ? ಬಣ್ಣ ಹೊಡೆಸಬೇಕಾ? ತೋಟಕ್ಕೆ ಯಾವಾಗ ಹೋಗಬಹುದು? ಅಡುಗೆ ಹೇಗೆ? ಏಳು ವರ್ಷದ ಮಗಳಿದ್ದಾಳೆ, ಸ್ಕೂಲಿಂದ ನೆಗಡಿ ತಂದೇ ತರುತ್ತಾಳೆ. ಅನುಭವ ಇರುವವರು ಹೇಳಿ.

ಕ್ರಿಯಾಟಿನಿನ್ 1.3 | ಆಗಸ್ಟ್ 9

ನನಗೆ ಕಸಿ ಆಗಿ ಒಂಬತ್ತು ವರ್ಷ. ಮೊದಲನೇ ಮಾತು: ಡಿಸ್ಚಾರ್ಜ್ ಆದ ತಕ್ಷಣ ಊರಿಗೆ ಹೋಗುವ ಲೆಕ್ಕ ಹಾಕಬೇಡಿ. ನಾವು ಮೂರು ತಿಂಗಳು ಆಸ್ಪತ್ರೆ ಹತ್ತಿರವೇ ಬಾಡಿಗೆಗೆ ಇದ್ದೆವು. ಮೊದಲ ತಿಂಗಳು ವಾರಕ್ಕೆ ಎರಡು ಸಲ ರಕ್ತ ಪರೀಕ್ಷೆ. ರಿಪೋರ್ಟ್ ನೋಡಿ ಸಂಜೆ ಫೋನ್ ಮಾಡಿ ಡೋಸ್ ಬದಲಿಸುತ್ತಿದ್ದರು. ಸಾಗರದಿಂದ ಅದು ಆಗುವ ಕೆಲಸ ಅಲ್ಲ.

ಬಾಡಿಗೆ ಮನೆ ನೋಡುವಾಗ ಹಾಲ್, ಬೆಡ್‌ರೂಮ್ ಬಿಡಿ, ಮೊದಲು ಬಾಲ್ಕನಿ ನೋಡಿ. ಬೆಂಗಳೂರಲ್ಲಿ ಪಾರಿವಾಳ ಇಲ್ಲದ ಬಾಲ್ಕನಿ ಸಿಗುವುದೇ ಕಷ್ಟ. ಅವುಗಳ ಒಣಗಿದ ಹಿಕ್ಕೆಯಿಂದ ಬರುವ ಫಂಗಸ್ ನಮ್ಮಂಥವರಿಗೆ ದೊಡ್ಡ ಅಪಾಯ. ನಾವು ಅಡ್ವಾನ್ಸ್ ಕೊಟ್ಟ ಮೇಲೆ ಇದು ಗೊತ್ತಾಗಿ, ಬಾಲ್ಕನಿ ಬಾಗಿಲು ಮೂರು ತಿಂಗಳು ತೆಗೆಯಲೇ ಇಲ್ಲ. ಬಟ್ಟೆ ಒಣಗಿಸಿದ್ದು ಹಾಲ್‌ನಲ್ಲಿ.

ಎರಡನೇದು ಮಾತ್ರೆ. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದ ಹಾಗೆ ಕೊಡುವ ಟ್ಯಾಕ್ರೋಲಿಮಸ್ 12 ಗಂಟೆಗೊಮ್ಮೆ, ಅಂದರೆ 12 ಗಂಟೆಗೇ. ಬೆಳಗ್ಗೆ 8, ರಾತ್ರಿ 8 ಅಂತ ಇಟ್ಟುಕೊಂಡರೆ ಮದುವೆ ಮನೆಯಲ್ಲಿದ್ದರೂ 8, ಬಸ್‌ನಲ್ಲಿದ್ದರೂ 8. ಆ ಮಾತ್ರೆ ರಕ್ತದಲ್ಲಿ ಎಷ್ಟಿದೆ ಅಂತ ನೋಡುವ ಲೆವೆಲ್ ಟೆಸ್ಟ್ ಇರುವ ದಿನ ಮಾತ್ರ ಬೆಳಗಿನ ಮಾತ್ರೆ ನುಂಗದೆ ಹೋಗಬೇಕು. ಮಾತ್ರೆಯನ್ನು ಜೇಬಲ್ಲಿಟ್ಟುಕೊಂಡು, ರಕ್ತ ಕೊಟ್ಟ ಮೇಲೆ ತಗೋಬೇಕು. ನಾನು ಮೊದಲ ಸಲವೇ ಅಭ್ಯಾಸಬಲದಿಂದ ನುಂಗಿ ಹೋಗಿ, ಬೈಸಿಕೊಂಡು ವಾಪಸ್ ಬಂದೆ.

ಇನ್ನೊಂದು ನೀರಿನ ವಿಷಯ. ಅವರು ಈಗ ದಿನಕ್ಕೆ ಒಂದು ಲೀಟರ್ ಒಳಗೇ ಕುಡಿಯುತ್ತಿರಬೇಕು ಅಲ್ವಾ? ಕಸಿ ಆದ ಮೇಲೆ ಮೂರು ಲೀಟರ್ ಕುಡಿಯಿರಿ ಅನ್ನುತ್ತಾರೆ. ಖುಷಿಯ ಸಂಗತಿ ಅಂತ ಕಾಣುತ್ತದೆ. ಆದರೆ ವರ್ಷಗಟ್ಟಲೆ ಬಾಯಾರಿಕೆ ತಡೆದವನಿಗೆ ಲೋಟ ಎತ್ತುವಾಗ ಕೈಯೇ ಹಿಂಜರಿಯುತ್ತದೆ. ನನ್ನ ಹೆಂಡತಿ ಗಂಟೆಗೊಂದು ಲೋಟ ಅಂತ ಎದುರಿಗೆ ನಿಂತು ಕುಡಿಸಬೇಕಾಯಿತು.

ಹುಬ್ಬಳ್ಳಿಯಾಕಿ | ಆಗಸ್ಟ್ 10

ಅಕ್ಕಾ, ನಮ್ಮ ಯಜಮಾನರಿಗೆ ಕಸಿ ಆಗಿ ಎರಡು ವರ್ಷ ಆತು. ಕೋಣೆ, ಬಣ್ಣ ಎಲ್ಲಾ ಹೆಂಗೋ ಆಗುತ್ತದೆ. ಸ್ಟೀರಾಯ್ಡ್ ಮಾತ್ರೆಗೆ ಮಾತ್ರ ತಯಾರಾಗಿರಿ. ನಮಗೆ ಇದನ್ನು ಯಾರೂ ಸರಿಯಾಗಿ ಹೇಳಿರಲಿಲ್ಲ. ಭಾಳ ಶಾಂತ ಮನುಷ್ಯ ಅವರು. ಮೊದಲ ತಿಂಗಳು ಚಮಚ ಬಿದ್ದರೆ ಸಿಟ್ಟು. ನಿದ್ದೆ ಇಲ್ಲ. ರಾತ್ರಿ ಎರಡಕ್ಕೆ ಎದ್ದು ರೊಟ್ಟಿ ಕೇಳುತ್ತಿದ್ದರು, ಅಷ್ಟು ಹಸಿವು. ಮುಖ ಉಬ್ಬಿತು, ಕೈ ನಡುಗಿ ಚಹಾ ಕಪ್ ಹಿಡಿಯಲು ಆಗುತ್ತಿರಲಿಲ್ಲ. ನಡುಕ ಟ್ಯಾಕ್ರೋಲಿಮಸ್‌ದಂತೆ, ಸಿಟ್ಟು ಸ್ಟೀರಾಯ್ಡ್‌ದಂತೆ. ಅದು ಗೊತ್ತಾಗುವ ಮೊದಲು ನಾನು ಅವರ ಸಿಟ್ಟನ್ನು ನನ್ನ ಮೇಲೇ ಹಾಕಿಕೊಂಡು ಅತ್ತಿದ್ದೇನೆ. ಡೋಸ್ ಕಡಿಮೆ ಆದ ಹಾಗೆ ಮನುಷ್ಯ ವಾಪಸ್ ಬಂದರು.

ಶುಗರ್ ಇಲ್ಲದವರಿಗೂ ಈ ಮಾತ್ರೆಗಳಿಂದ ಶುಗರ್ ಬರಬಹುದು. ನಮಗೆ ಬಂತು. ಗ್ಲೂಕೋಮೀಟರ್ ಮೊದಲೇ ತಗೊಂಡಿರಿ.

ನಿವೃತ್ತ ಸಿಸ್ಟರ್ | ಆಗಸ್ಟ್ 10

ಕಸಿ ವಾರ್ಡ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ಡಾಕ್ಟರ್ ಅಲ್ಲ. ನಿಮ್ಮ ಡಾಕ್ಟರ್ ಬೇರೆ ಹೇಳಿದರೆ ಅವರದೇ ಮಾತು.

ಕೋಣೆ: ಹಂಚಿನ ಮಾಡಿನಿಂದ ಧೂಳು, ಅಟ್ಟದಿಂದ ಇಲಿ, ಬಾವಲಿ ಹಿಕ್ಕೆ ಬೀಳದ ಕೋಣೆ ಆರಿಸಿ. ಅಂಥದು ಇಲ್ಲದಿದ್ದರೆ ಒಂದು ಕೋಣೆಗಾದರೂ ಸೀಲಿಂಗ್ ಹಾಕಿಸಿ. ಗೋಡೆ ಕೆರೆಯುವುದು, ಬಣ್ಣ, ಸಿಮೆಂಟು ಕೆಲಸ ಎಲ್ಲಾ ನೀವು ಬೆಂಗಳೂರಿನಲ್ಲಿರುವಾಗಲೇ ಮುಗಿಯಲಿ. ಅವರು ಬಂದ ಮೇಲೆ ಮನೆಯಲ್ಲಿ ರಿಪೇರಿ ಕೆಲಸ ಬೇಡವೇ ಬೇಡ. ಬಚ್ಚಲು ಮನೆ ಹೊರಗಿದ್ದರೆ ರಾತ್ರಿ ಕತ್ತಲಲ್ಲಿ ಮೆಟ್ಟಿಲು ಇಳಿಯುವ ಹಾಗೆ ಇರಬಾರದು. ಹೊಟ್ಟೆಯ ಕೆಳಭಾಗದಲ್ಲಿ ಹೊಲಿಗೆ ಇರುತ್ತದೆ, ಕುಕ್ಕರುಗಾಲಲ್ಲಿ ಕೂರುವುದು ಕಷ್ಟ. ಕಮೋಡ್ ಕುರ್ಚಿ ಆದರೂ ಇಡಿ. ಹಂಡೆ ಒಲೆಯ ಹೊಗೆ ಅವರ ಕೋಣೆಗೆ ಬರದಿರಲಿ.

ಕೊಳ್ಳಬೇಕಾದ್ದು ಜಾಸ್ತಿ ಇಲ್ಲ: ಥರ್ಮಾಮೀಟರ್, ಬಿಪಿ ಮೆಷಿನ್, ತೂಕದ ಮೆಷಿನ್, ಮೂತ್ರ ಅಳೆಯುವ ಜಾರ್, ಒಂದು ನೋಟ್‌ಬುಕ್. ಡಯಾಲಿಸಿಸ್ ಫಿಸ್ಟುಲಾ (ಸೂಜಿ ಹಾಕಲು ರಕ್ತನಾಳ ಜೋಡಿಸಿದ ಜಾಗ) ಇರುವ ಕೈಯಲ್ಲಿ ಬಿಪಿ ನೋಡಬೇಡಿ. ಕಸಿ ಆದರೂ ಆ ಕೈ ಜೋಪಾನ. ಜ್ವರ 100.4 ದಾಟಿದರೆ, ಒಂದೇ ದಿನಕ್ಕೆ ತೂಕ ಒಂದು ಕೆಜಿ ಏರಿದರೆ, ಮೂತ್ರ ಕಡಿಮೆಯಾದರೆ, ಕಸಿ ಮಾಡಿದ ಜಾಗ ನೋಯಲು ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ. ಮನೆಯಲ್ಲಿದ್ದ ನೋವಿನ ಮಾತ್ರೆ, ಆಂಟಿಬಯಾಟಿಕ್ ನೀವೇ ಕೊಡಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಕಿಡ್ನಿಗೆ ಆಗದು. ಕೆಲವು ಆಂಟಿಬಯಾಟಿಕ್ ಟ್ಯಾಕ್ರೋಲಿಮಸ್ ಲೆವೆಲ್ ಅನ್ನೇ ಏರುಪೇರು ಮಾಡುತ್ತವೆ.

ತೋಟ, ಕೊಟ್ಟಿಗೆ: ಮೊದಲ ಆರು ತಿಂಗಳು ಮರೆತುಬಿಡಿ. ದನಕ್ಕೆ ಹಾಸುವ ಒಣ ದರಕು (ಉದುರಿದ ಎಲೆ), ಗೊಬ್ಬರದ ಗುಂಡಿ, ಅಡಿಕೆ ಸುಲಿಯುವ ಕಡೆ ಏಳುವ ಧೂಳು, ಇವುಗಳಲ್ಲೆಲ್ಲಾ ಫಂಗಸ್ ಇರುತ್ತದೆ. ಆಮೇಲೂ ಮಾಸ್ಕ್, ಗ್ಲೌಸ್, ಬೂಟು. ನೀವು ಸಾಗರದವರು, ಹಾಗಾಗಿ ಇನ್ನೊಂದು ಮಾತು. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದನ್ನು ಹರಡುವ ಉಣುಗಿನ (ಉಣ್ಣೆ ಹುಳದ) ಕಾಟ. ದರಕು ತರಲು ಕಾಡಿಗೆ ಹೋದವರು ಬಟ್ಟೆ ಬದಲಿಸಿ, ಸ್ನಾನ ಮಾಡಿಯೇ ಒಳಗೆ ಬರಲಿ.

ಮಗಳು: ಮನೆಯವರೆಲ್ಲಾ ಫ್ಲೂ ಲಸಿಕೆ ಹಾಕಿಸಿಕೊಳ್ಳಿ. ಅವಳನ್ನು ಅಪ್ಪನಿಂದ ದೂರ ಇಡುವುದಲ್ಲ, ಕೈ ತೊಳೆದು ಬರಲು ಕಲಿಸುವುದು. ನೆಗಡಿ ಇದ್ದಾಗ ಮಾತ್ರ ಬೇರೆ ಕೋಣೆ.

ಎಡಗಡೆ ಕಿಡ್ನಿ | ಆಗಸ್ಟ್ 10, ರಾತ್ರಿ

ಎಲ್ಲಾ ಓದಿದೆ. ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅತ್ತೆ ಎಲ್ಲಿ ಮಲಗುತ್ತಾರೆ?

ನಾನು ತಮ್ಮನಿಗೆ ಕಿಡ್ನಿ ಕೊಟ್ಟವಳು. ಸಾಮಾನ್ಯವಾಗಿ ಎಡಗಡೆಯದೇ ತೆಗೆಯುತ್ತಾರೆ, ಅದರ ರಕ್ತನಾಳ ಉದ್ದ ಇರುತ್ತದಂತೆ. ಆಪರೇಷನ್ ಆಗಿ ಮೂರನೇ ದಿನ, ನಮ್ಮ ಕಡೆಯವರೆಲ್ಲಾ ತಮ್ಮನ ಐಸಿಯು ಗಾಜಿನ ಹತ್ತಿರ. "ಮೂತ್ರ ಎಷ್ಟು ಬಂತು" ಅಂತ ಕೇಳುವುದೇ ಕೇಳುವುದು. ನಾನು ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡು ಒಬ್ಬಳೇ ಟಾಯ್ಲೆಟ್‌ಗೆ ಹೋಗುತ್ತಿದ್ದೆ. ಅವನು ಕಾಯಿಲೆಯಿಂದ ಗುಣದ ಕಡೆ ಬಂದ. ನಾನು ಗಟ್ಟಿಮುಟ್ಟಾಗಿ ಹೋದವಳು ನೋವು ತಗೊಂಡು ಬಂದೆ. ಈ ಮಾತು ಯಾರಿಗೂ ಹೊಳೆಯುವುದಿಲ್ಲ.

ಹೊಟ್ಟೆಗಿಂತ ಭುಜ ನೋಯುತ್ತದೆ, ಅದು ನೆನಪಿರಲಿ. ಲ್ಯಾಪರೋಸ್ಕೋಪಿಗೆ ಹೊಟ್ಟೆಗೆ ಗ್ಯಾಸ್ ತುಂಬುತ್ತಾರಲ್ಲ, ಅದರ ನೋವು ಭುಜಕ್ಕೆ ಬರುತ್ತದೆ. ಹಾರ್ಟ್ ಅಂತ ಹೆದರಿಬಿಟ್ಟಿದ್ದೆ. ಮನೆಗೆ ನಾಲ್ಕೈದು ದಿನದಲ್ಲಿ ಕಳಿಸುತ್ತಾರೆ. ಆದರೆ ಆರು ವಾರ ಭಾರ ಎತ್ತುವಂತಿಲ್ಲ. ತುಂಬಿದ ಬಿಂದಿಗೆ, ಹಾಲಿನ ಕ್ಯಾನ್, ಹುಲ್ಲಿನ ಹೊರೆ ಯಾವುದೂ ಇಲ್ಲ. ಆಮೇಲೆ ಜೀವನಪೂರ್ತಿ ವರ್ಷಕ್ಕೊಮ್ಮೆ ಬಿಪಿ, ಮೂತ್ರ, ಕ್ರಿಯಾಟಿನಿನ್ (ರಕ್ತದಲ್ಲಿ ಇದು ಏರಿದರೆ ಕಿಡ್ನಿ ಕೆಲಸ ಕುಗ್ಗಿದೆ ಅಂತ) ನೋಡಿಸಬೇಕು. ಇದ್ದ ಒಂದನ್ನು ಕಾಯಬೇಕಲ್ಲ.

ಒಬ್ಬರು ಅವರಿಗೆ, ಒಬ್ಬರು ಅತ್ತೆಗೆ ಅಂತ ಈಗಲೇ ಹೆಸರು ಹಚ್ಚಿ ಇಡಿ. ನೀವೊಬ್ಬರೇ ಇಬ್ಬರನ್ನೂ ನೋಡಲು ಆಗುವುದಿಲ್ಲ.

ಮಲೆನಾಡ ಮಳೆ | ಆಗಸ್ಟ್ 11

ಎಡಗಡೆ ಕಿಡ್ನಿ ಅವರೇ, ನಿಮ್ಮ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. ನನ್ನ ಪಟ್ಟಿಯಲ್ಲಿ ಅವರಿಗೆ ಸೊಳ್ಳೆಪರದೆ ಇತ್ತು, ತಿಂಡಿ ಡಬ್ಬ ಇತ್ತು. ಅತ್ತೆ ಹೆಸರೇ ಇರಲಿಲ್ಲ.

ಅತ್ತೆಗೆ 61. ಕೇಳಿದರೆ "ನಂಗೇನು, ಎರಡಿತ್ತು, ಒಂದು ಕೊಟ್ಟೆ" ಅನ್ನುತ್ತಾರೆ. ಹತ್ತು ದಿನಕ್ಕೆ ಊರಿಗೆ ಬಂದು ಹಾಲು ಕರೆಯುತ್ತೇನೆ ಅಂತ ಮಾವನ ಹತ್ತಿರ ಹೇಳಿಬಿಟ್ಟಿದ್ದಾರೆ. ಕೌಲೆ ದನ ಅವರ ಕೈಗೆ ಬಿಟ್ಟು ಬೇರೆಯವರಿಗೆ ಹಾಲು ಇಳಿಸುವುದಿಲ್ಲ. ಇದಕ್ಕೇನು ಮಾಡಲಿ?

ಎಡಗಡೆ ಕಿಡ್ನಿ | ಆಗಸ್ಟ್ 11

ಆ ದನದ ಹತ್ತಿರ ಇವತ್ತಿಂದಲೇ ಬೇರೆಯವರನ್ನು ಕೂರಿಸಿ. ಅತ್ತೆ ಸೀರೆ ಉಟ್ಟುಕೊಂಡಾದರೂ ಸರಿ. ತಮಾಷೆ ಅಲ್ಲ, ನಮ್ಮ ಅಜ್ಜಿ ಮನೆಯಲ್ಲಿ ಹಾಗೆ ಮಾಡಿದ್ದುಂಟು.

ದಾನಿ ಕೇಂದ್ರ ಸರ್ಕಾರಿ ನೌಕರರಾಗಿದ್ದರೆ 2023ರಿಂದ 42 ದಿನದವರೆಗೆ ವಿಶೇಷ ರಜೆ ಇದೆ. ನನ್ನಂತೆ ಬೇರೆಯವರು ಓದುತ್ತಿದ್ದರೆ ಕೆಲಸಕ್ಕೆ ಬರಲಿ. ಮನೆ ಹೆಂಗಸರಿಗೆ ರಜೆ ಬರೆಯುವವರು ಯಾರು ಬಿಡಿ.

ಹಸಿರೇ ಉಸಿರು | ಆಗಸ್ಟ್ 12

ಇಷ್ಟೆಲ್ಲಾ ಯಾಕೆ ಒದ್ದಾಡುತ್ತೀರಿ. ಆಪರೇಷನ್ ಆದ ಮೇಲೆ ಅಮೃತಬಳ್ಳಿ ಕಷಾಯ ಬೆಳಗ್ಗೆ ಸಂಜೆ ಕೊಡಿ, ರೋಗನಿರೋಧಕ ಶಕ್ತಿ ಹೆಚ್ಚುತ್ತದೆ. ಇಂಗ್ಲಿಷ್ ಮಾತ್ರೆ ತಾನಾಗೇ ಬಿಡಬಹುದು. ನಮ್ಮ ಕಡೆ ಒಬ್ಬರು ನಾಟಿ ವೈದ್ಯರಿದ್ದಾರೆ, ಬೇಕಾದರೆ ನಂಬರ್ ಕೊಡುತ್ತೇನೆ.

ನಿವೃತ್ತ ಸಿಸ್ಟರ್ | ಆಗಸ್ಟ್ 12

ನಂಬರ್ ಬೇಡ. ಕಸಿ ಆದವರಿಗೆ ರೋಗನಿರೋಧಕ ಶಕ್ತಿ ಹೆಚ್ಚುವುದೇ ಅಪಾಯ. ಒಳಗೆ ಬಂದ ಕಿಡ್ನಿ ಬೇರೆಯವರದು ಅಂತ ಮೈ ಅದರ ಮೇಲೆ ಬೀಳದಿರಲಿ ಅಂತಲೇ ಈ ಮಾತ್ರೆಗಳು. ಬಿಟ್ಟರೆ ಕಿಡ್ನಿ ಹೋಗುತ್ತದೆ, ಅತ್ತೆ ಕೊಟ್ಟದ್ದೂ ವ್ಯರ್ಥ. ಅಮೃತಬಳ್ಳಿಯಿಂದ ಲಿವರ್ ಕೆಟ್ಟವರೂ ಇದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ, ಗೊತ್ತು. ಆದರೆ ಇಲ್ಲಿ ಇದನ್ನು ಓದಿ ಯಾರಾದರೂ ಮಾಡಿಬಿಟ್ಟರೆ?

ಕ್ರಿಯಾಟಿನಿನ್ 1.3 | ಆಗಸ್ಟ್ 12

ಸಿಸ್ಟರ್ ಮಾತಿಗೆ ಸೇರಿಸುತ್ತೇನೆ: ಚಕ್ಕೋತ ಹಣ್ಣೂ ಬೇಡ. ಹಣ್ಣಲ್ಲವಾ ಅಂತ ತಿಂದುಬಿಡುತ್ತೇವೆ. ಅದು ಟ್ಯಾಕ್ರೋಲಿಮಸ್ ಲೆವೆಲ್ ಏರಿಸುತ್ತದೆ. ನಾನು ದೇವನಹಳ್ಳಿ ಕಡೆಯವನು, ಚಕ್ಕೋತ ತಿನ್ನದೆ ಒಂಬತ್ತು ವರ್ಷ ಇರುವುದು ನನ್ನ ದೊಡ್ಡ ಸಾಧನೆ. ಕಮರಾಕ್ಷಿ ಕೂಡ ಕಿಡ್ನಿಗೆ ಆಗದು.

ಮಲೆನಾಡ ಮಳೆ | ಆಗಸ್ಟ್ 13

ಅಯ್ಯೋ, ನಮ್ಮ ಅಂಗಳದಲ್ಲೇ ಚಕ್ಕೋತ ಮರ ಇದೆ! ಅಡುಗೆ ಬಗ್ಗೆ ಇನ್ನೂ ಹೇಳಿ. ನಮ್ಮಲ್ಲಿ ದಿನಾ ತಂಬುಳಿ ಬೇಕು. ಹಬ್ಬಕ್ಕೆ ಕೋಸಂಬರಿ. ಮಾವನವರದು ದಿನಾ ಪೂಜೆ, ತೀರ್ಥ ಬೇಡ ಅಂದರೆ ನೊಂದುಕೊಳ್ಳುತ್ತಾರೆ.

ಹುಬ್ಬಳ್ಳಿಯಾಕಿ | ಆಗಸ್ಟ್ 13

ನಮ್ಮ ಡಯಟೀಷಿಯನ್ ಹೇಳಿದ್ದು ಒಂದೇ ಸಾಲು: ಬೇಯಿಸಿದ್ದು, ಬಿಸಿ ಇದ್ದದ್ದು, ಆಗಲೇ ಮಾಡಿದ್ದು. ಹಸಿ ಸೌತೆಕಾಯಿ, ಹಸಿ ಬೇಳೆ ಇರುವ ಕೋಸಂಬರಿ ಮೊದಲ ತಿಂಗಳುಗಳಲ್ಲಿ ಇಲ್ಲ. ಸಿಪ್ಪೆ ಸುಲಿಯುವ ಹಣ್ಣು ತೊಳೆದು, ಸುಲಿದು ಕೊಡಿ. ಕತ್ತರಿಸಿಟ್ಟ ಹಣ್ಣು, ಹೊರಗಿನ ಚಟ್ನಿ, ಪಾನಿಪುರಿ ಕನಸಲ್ಲೂ ಇಲ್ಲ. ಮೊಸರು ಮಾತ್ರ ಕಾಸಿದ ಹಾಲಿನಲ್ಲಿ ಮನೆಯಲ್ಲೇ ಹೆಪ್ಪು ಹಾಕಿ, ಅದೇ ದಿನ ಉಣ್ಣಲಿ ಅಂದಿದ್ದರು. ನಿಮ್ಮ ತಂಬುಳಿ ನನಗೆ ಗೊತ್ತಿಲ್ಲ.

ನಿವೃತ್ತ ಸಿಸ್ಟರ್ | ಆಗಸ್ಟ್ 13

ತಂಬುಳಿ ಸೊಪ್ಪನ್ನು ಹಸಿಯಾಗಿ ರುಬ್ಬದೆ ಚೆನ್ನಾಗಿ ಬೇಯಿಸಿ ರುಬ್ಬಿ. ಯಾವ ಸೊಪ್ಪು ಅಂತ ಡಯಟೀಷಿಯನ್‌ಗೆ ಹೆಸರು ಹೇಳಿ ಕೇಳಿ, ಔಷಧಿ ಗುಣದವು ಸುಮ್ಮನೆ ಬೇಡ. ತೀರ್ಥಕ್ಕೆ ಕುದಿಸಿ ಆರಿಸಿದ ನೀರು ಹಾಕಿದರೆ ದೇವರೇನೂ ಬೇಡ ಅನ್ನಲಿಕ್ಕಿಲ್ಲ. ಪಂಚಾಮೃತ ಕಣ್ಣಿಗೊತ್ತಿಕೊಂಡರೆ ಸಾಕು.

ರೋಗಿ ನೋಡಲು ಬರುವವರು ಎಳನೀರು, ಬಾಳೆಹಣ್ಣು ತರುತ್ತಾರೆ. ಟ್ಯಾಕ್ರೋಲಿಮಸ್‌ನಿಂದ ಪೊಟ್ಯಾಸಿಯಂ ಏರಬಹುದು. ಎಳನೀರಿನಲ್ಲಿ ಅದು ಜಾಸ್ತಿ. ರಿಪೋರ್ಟ್ ನೋಡಿ ಡಾಕ್ಟರ್ ಸರಿ ಅನ್ನುವವರೆಗೆ ಎಳನೀರು ಬಂದವರಿಗೇ ಕುಡಿಸಿ ಕಳಿಸಿ.

ರಾತ್ರಿ ಎರಡರ ಫೋನ್ | ಆಗಸ್ಟ್ 15

ನಿಮಗೆ ತಾರೀಕು ಗೊತ್ತಿದೆ, ಅದೃಷ್ಟ. ನನಗೆ ಮನೆಯಲ್ಲಿ ಹೊಂದುವ ದಾನಿ ಇರಲಿಲ್ಲ. ರಾಜ್ಯದ ಅಂಗಾಂಗ ದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿ ಕಾದೆ. 2021ರಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡು, ಮನೆಯವರು ಅಂಗಾಂಗ ದಾನ ಮಾಡಿದಾಗ ನಾನಿನ್ನೂ ಡಯಾಲಿಸಿಸ್ ಕುರ್ಚಿಯಲ್ಲಿದ್ದೆ. ಅವತ್ತು ಆ ವಾರ್ಡ್‌ನಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಫೋನ್ ಬಂದದ್ದು ಅದಾಗಿ ಎಷ್ಟೋ ತಿಂಗಳ ಮೇಲೆ, ರಾತ್ರಿ ಎರಡಕ್ಕೆ.

ನಮ್ಮಂಥವರಿಗೆ ಸಿದ್ಧತೆ ಅಂದರೆ ಬ್ಯಾಗ್. ಬಾಗಿಲ ಹಿಂದೆ ಒಂದೂವರೆ ವರ್ಷ ನೇತಾಡುತ್ತಿತ್ತು. ಕೊನೆಗೆ ಹೊರಡುವಾಗ ಅದನ್ನೇ ಮರೆತು ಹೋದೆ! ಬೇಕಾದದ್ದು ಫೈಲ್ ಮಾತ್ರ, ಅದು ಹೆಂಡತಿ ಕೈಯಲ್ಲಿತ್ತು.

ದುಡ್ಡಿನ ಬಗ್ಗೆ ಯಾರೂ ಹೇಳಲಿಲ್ಲ. ಆಪರೇಷನ್ ಖರ್ಚು ಒಂದು ಸಲದ್ದು, ಮಾತ್ರೆ ಖರ್ಚು ತಿಂಗಳು ತಿಂಗಳು, ಜೀವ ಇರುವವರೆಗೆ. ಬಿಪಿಎಲ್ ಕಾರ್ಡ್ ಇದ್ದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸಹಾಯ ಇದೆ, ಕಸಿ ಕೋಆರ್ಡಿನೇಟರ್ ಹತ್ತಿರ ಮೊದಲೇ ಕೇಳಿ. ಹಳ್ಳಿ ಮೆಡಿಕಲ್ ಶಾಪ್‌ನಲ್ಲಿ ಈ ಮಾತ್ರೆ ಸಿಗುವುದಿಲ್ಲ. ಎರಡು ವಾರದ ದಾಸ್ತಾನು ಯಾವಾಗಲೂ ಇರಲಿ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಕಂಪನಿ ಬದಲಿಸಿ ಕೊಟ್ಟರೆ ಡಾಕ್ಟರ್ ಕೇಳದೆ ತಗೋಬೇಡಿ.

ನಾಲ್ಕನೇ ತಿಂಗಳು | ಆಗಸ್ಟ್ 16

ಹೆದರಿಸಲು ಬರೆಯುತ್ತಿಲ್ಲ. ನಮಗೆ ಮೂರು ತಿಂಗಳು ಎಲ್ಲಾ ಸರಿ ಇತ್ತು, ಊರಿಗೂ ಬಂದೆವು. ನಾಲ್ಕನೇ ತಿಂಗಳು ಕ್ರಿಯಾಟಿನಿನ್ 1.2ರಿಂದ 2ಕ್ಕೆ ಏರಿತು. ಮೈಯಲ್ಲಿ ಏನೂ ಗೊತ್ತಾಗಲಿಲ್ಲ, ರಕ್ತದಲ್ಲಿ ಮಾತ್ರ ಕಂಡಿತು. ಬಯಾಪ್ಸಿ ಮಾಡಿ ರಿಜೆಕ್ಷನ್, ಅಂದರೆ ಮೈ ಹೊಸ ಕಿಡ್ನಿಯ ಮೇಲೆ ಬಿದ್ದಿದೆ ಅಂದರು. ಸ್ಟೀರಾಯ್ಡ್ ಇಂಜೆಕ್ಷನ್ ಮೂರು ದಿನ ಕೊಟ್ಟರು, ತಹಬಂದಿಗೆ ಬಂತು. ರಿಜೆಕ್ಷನ್ ಅಂದ ತಕ್ಷಣ ಕಿಡ್ನಿ ಹೋಯಿತು ಅಂತಲ್ಲ. ಆದರೆ "ಚೆನ್ನಾಗಿದ್ದೇನಲ್ಲ" ಅಂತ ಟೆಸ್ಟ್ ತಪ್ಪಿಸಿದ್ದರೆ ಹೋಗುತ್ತಿತ್ತು. ಆ ಮೂರು ದಿನ ಕಿಡ್ನಿ ಕೊಟ್ಟ ನಮ್ಮ ತಂದೆಗೆ ವಿಷಯ ಹೇಳದೆ ಮುಚ್ಚಿಟ್ಟೆವು. ಅದು ತಪ್ಪು. ಅವರಿಗೆ ಬೇರೆಯವರಿಂದ ಗೊತ್ತಾಗಿ, ತಮ್ಮ ಕಿಡ್ನಿಯೇ ಸರಿಯಿರಲಿಲ್ಲ ಅಂತ ಅಂದುಕೊಂಡುಬಿಟ್ಟರು.

ಮಲೆನಾಡ ಮಳೆ | ಅಕ್ಟೋಬರ್ 6

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಆಪರೇಷನ್ ಆಗಿ ಮೂರು ವಾರ ದಾಟಿತು. ಇಬ್ಬರೂ ಚೆನ್ನಾಗಿದ್ದಾರೆ. ಕ್ರಿಯಾಟಿನಿನ್ 1.4.

ಹಳೇ ಕಿಡ್ನಿ ಎರಡೂ ಒಳಗೇ ಇವೆ, ಹೊಸದು ಬಲಗಡೆ ಕೆಳಹೊಟ್ಟೆಯಲ್ಲಿ. ಮಗಳು ಫೋನಿನಲ್ಲಿ "ಅಪ್ಪಂಗೆ ಮೂರು, ಅಜ್ಜಿಗೆ ಒಂದಾ?" ಅಂತ ಕೇಳಿದಳು. ಎಡಗಡೆ ಕಿಡ್ನಿ ಅವರೇ, ನೀವು ಹೇಳಿದ ಹಾಗೆ ಅತ್ತೆ ಹತ್ತಿರ ಅವರ ತಂಗಿಯನ್ನೇ ಇಟ್ಟಿದ್ದೆ. ಭುಜದ ನೋವು ಬಂದೇ ಬಂತು. ಮೊದಲೇ ಗೊತ್ತಿದ್ದರಿಂದ ಹೆದರಲಿಲ್ಲ. ಐದನೇ ದಿನ ಅತ್ತೆ ನಡೆದುಕೊಂಡು ಮಗನ ಕೋಣೆ ಬಾಗಿಲವರೆಗೆ ಬಂದು, ಒಳಗೆ ಬರದೆ ಅಲ್ಲೇ ನಿಂತು, "ನೀರು ಕುಡಿದ್ಯನಾ?" ಅಂತ ಕೇಳಿದರು. ಎರಡೂವರೆ ವರ್ಷ ಅವರೇ ಅವನ ಕೈಯಿಂದ ಚೊಂಬು ಕಿತ್ತುಕೊಳ್ಳುತ್ತಿದ್ದವರು.

ಹುಬ್ಬಳ್ಳಿಯಾಕಿ, ಸಿಟ್ಟು ಶುರುವಾಗಿದೆ. ನಿನ್ನೆ ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡಿದ್ದಕ್ಕೆ ಅರ್ಧ ಗಂಟೆ. ನೋಟ್‌ಬುಕ್ಕಿನಲ್ಲಿ ತೂಕ, ಬಿಪಿ ಪಕ್ಕದಲ್ಲಿ "ಸಿಟ್ಟು" ಅಂತ ಇನ್ನೊಂದು ಕಾಲಂ ಹಾಕಿದ್ದೇನೆ. ಅವರೇ ನೋಡಿ ನಕ್ಕರು.

ಹುಬ್ಬಳ್ಳಿಯಾಕಿ | ಅಕ್ಟೋಬರ್ 6

ಆ ಕಾಲಂ ನನಗೆ ಯಾಕೆ ಹೊಳೆಯಲಿಲ್ಲ!

ಮಲೆನಾಡ ಮಳೆ | ಡಿಸೆಂಬರ್ 20

ಊರಿಗೆ ಬಂದು ನಾಲ್ಕು ದಿನ. ಕೋಣೆಗೆ ಸೀಲಿಂಗ್ ಆಗಿದೆ, ಕಮೋಡ್ ಆಗಿದೆ. ಅಡಿಕೆ ಸುಲಿಯುವ ಚಪ್ಪರವನ್ನು ಈ ಸಲ ಅಣ್ಣನ ಮನೆ ಅಂಗಳಕ್ಕೆ ಸಾಗಿಸಿದೆವು. ನೋಡಲು ಬರುವವರದೇ ದೊಡ್ಡ ಚಿಂತೆಯಾಗಿತ್ತು. ಮಾವ ತಾವೇ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಬಂದವರಿಗೆ ಅಲ್ಲೇ ಕಾಫಿ, ಎಲೆ ಅಡಿಕೆ. ಒಳಗಿನಿಂದ ಇವರು ಕಿಟಕಿಯಲ್ಲಿ ಕೈ ಬೀಸುತ್ತಾರೆ. ಒಬ್ಬರು ಮಾತ್ರ ಮುನಿಸಿಕೊಂಡು ಹೋದರು, ಹೋಗಲಿ.

ಅತ್ತೆ ಆರು ವಾರ ಎಲ್ಲಿ, ಎಂಟು ವಾರ ಕೊಟ್ಟಿಗೆಗೆ ಕಾಲಿಡಲಿಲ್ಲ. ಕೌಲೆ ದನ ಚಿಕ್ಕತ್ತೆಗೆ ಹೊಂದಿಕೊಂಡಿದೆ. ಅದೇ ಈಗ ಅತ್ತೆಗೆ ಬೇಜಾರು. ಚಕ್ಕೋತ ಮರ ಕಡಿಸುತ್ತೇನೆ ಅಂತ ಹಟ ಹಿಡಿದಿದ್ದರು. ಬೇಡ ಅಂದು, ಹಣ್ಣೆಲ್ಲಾ ಮಗಳ ಶಾಲೆಗೆ ಕಳಿಸಿದೆವು.

ಒಂದು ಪ್ರಶ್ನೆ. ಜನವರಿಯಲ್ಲಿ ಚೆಕಪ್. ತಾಳಗುಪ್ಪದಿಂದ ರಾತ್ರಿ ರೈಲಿಗೆ ಹೋಗೋಣ ಅಂತಿದ್ದೇವೆ. ಲೆವೆಲ್ ಟೆಸ್ಟ್ ಬೆಳಗ್ಗೆ. ಮಾತ್ರೆ ಸಮಯ ಹೇಗೆ ಮಾಡುವುದು?

ಕ್ರಿಯಾಟಿನಿನ್ 1.3 | ಡಿಸೆಂಬರ್ 20

ರಾತ್ರಿ 8ರ ಮಾತ್ರೆ 8ಕ್ಕೇ, ಪ್ಲಾಟ್‌ಫಾರಂ ಮೇಲಿದ್ದರೂ ಸರಿ. ಬೆಳಗ್ಗೆ ಇಳಿದವರೇ ನೇರ ಲ್ಯಾಬ್‌ಗೆ ಹೋಗಿ, ರಕ್ತ ಕೊಟ್ಟು, ಅಲ್ಲೇ ಮಾತ್ರೆ. ಮಾತ್ರೆ ಡಬ್ಬವನ್ನು ಸೀಟ್ ಕೆಳಗಿನ ಬ್ಯಾಗ್‌ಗೆ ಹಾಕಬೇಡಿ, ಮೈಮೇಲೆ ಇರಲಿ. ಕುದಿಸಿದ ನೀರು, ಮನೆ ತಿಂಡಿ, ಮಾಸ್ಕ್. ಕಸಿಗೆ, ಡಯಾಲಿಸಿಸ್‌ಗೆ ಹೋಗುವ ಕಿಡ್ನಿ ರೋಗಿಗೂ ಜೊತೆಗೊಬ್ಬರಿಗೂ ಟಿಕೆಟ್‌ನಲ್ಲಿ ರಿಯಾಯಿತಿ ಇದೆ, ಚೆಕಪ್‌ಗೂ ಸಿಗುತ್ತದಾ ಅಂತ ಆಸ್ಪತ್ರೆಯಲ್ಲಿ ಕೇಳಿ.

ಎಡಗಡೆ ಕಿಡ್ನಿ | ಡಿಸೆಂಬರ್ 21

ಅತ್ತೆಯದೂ ಚೆಕಪ್ ಅದೇ ದಿನ ಹಾಕಿಸಿದಿರಾ?

ಮಲೆನಾಡ ಮಳೆ | ಡಿಸೆಂಬರ್ 21

ಹಾಕಿಸಿದೆ. ಕೆಳಗಿನ ಬರ್ತ್ ಅವರಿಗೇ.